ಕಾರಂಜಿಯ ವಾಲ್ವ್ ತಿರುಗಿಸುವುದು ಯಾರು? ಈಜುಕೊಳ ಯಾಂತ್ರೀಕರಣದ ಅಗ್ಗದ ದಾರಿಗಳು

ಅಮೆರಿಕದ ಟೆಕ್ಸಾಸ್, ಅರಿಜೋನಾ, ಫ್ಲಾರಿಡಾ, ಕ್ಯಾಲಿಫೋರ್ನಿಯಾಗಳಲ್ಲಿ ಮಧ್ಯಮ ವರ್ಗದವರ ಹಿತ್ತಿಲಲ್ಲೂ ಈಜುಕೊಳ ಕಾಣಸಿಗುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲೂ ಮನೆ ಕೊಂಡಾಗ ಜೊತೆಗೇ ಕೊಳ ಬಂದವರಿದ್ದಾರೆ. ಕೊಳಕ್ಕೆ ಒಂದಷ್ಟು ಅಲಂಕಾರವೂ ಇರುತ್ತದೆ: ಬಂಡೆಗಳ ಮೇಲಿಂದ ಇಳಿಯುವ ಪುಟ್ಟ ಜಲಪಾತ, ಗೋಡೆಯ ಸೀಳಿನಿಂದ ಅಗಲವಾಗಿ ತೆಳ್ಳಗೆ ಬೀಳುವ ನೀರು, ಕಟ್ಟೆಯ ಅಂಚಿನಿಂದ ಕಮಾನು ಕಟ್ಟಿ ಚಿಮ್ಮುವ ಎಳೆಗಳು, ಬಿಸಿನೀರಿನ ತೊಟ್ಟಿಯಿಂದ ಕೊಳಕ್ಕೆ ತುಳುಕುವ ಹರಿವು. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೂ ಒಂದೇ ಪಂಪು. ಮನೆಯ ಮಗ್ಗುಲಲ್ಲಿ ಪಂಪು, ಫಿಲ್ಟರು, ಹೀಟರು ಕೂತಿರುವ ಕಾಂಕ್ರೀಟು ಕಟ್ಟೆಯ ಮೇಲೆ ವಾಲ್ವ್‌ಗಳ ಸಾಲಿರುತ್ತದೆ. ಜಲಪಾತ ಬೇಕೆನಿಸಿದಾಗ ಅಲ್ಲಿಗೆ ಹೋಗಿ ಹಿಡಿಕೆ ತಿರುಗಿಸಬೇಕು, ಸಾಕೆನಿಸಿದಾಗ ಮತ್ತೆ ಹೋಗಿ ಹಿಂದಕ್ಕೆ ತಿರುಗಿಸಬೇಕು. ಕತ್ತಲಲ್ಲಿ, ಚಳಿಯಲ್ಲಿ, ಒದ್ದೆ ಕಾಲಲ್ಲಿ ಯಾರೂ ಹೋಗುವುದಿಲ್ಲ. ಹಾಗಾಗಿ ಹಲವರ ಮನೆಯ ಜಲಪಾತ ಒಂದೋ ದಿನವಿಡೀ ಸುರಿಯುತ್ತದೆ, ಇಲ್ಲವೇ ವರ್ಷವಿಡೀ ಒಣಗಿರುತ್ತದೆ.

ಈ ತಿರುಗಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು. ಹೆಸರಾಂತ ಕಂಪನಿಗಳ ಸಮಗ್ರ ವ್ಯವಸ್ಥೆ ಹಾಕಿಸಿದರೆ ಸಾವಿರಾರು ಡಾಲರ್ ಆಗುತ್ತದೆ. ಅಷ್ಟು ಖರ್ಚು ಮಾಡದೆ, ಅಪಾಯವನ್ನೂ ತಂದುಕೊಳ್ಳದೆ ಅದೇ ಕೆಲಸ ಆಗುವುದು ಹೇಗೆ ಎಂಬ ಬಗ್ಗೆ ಕೊಳ ಕಟ್ಟುವವರು, ಎಲೆಕ್ಟ್ರಿಷಿಯನ್ನರು, ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು, ಮನೆಯೊಡೆಯರು ಬೇರೆ ಬೇರೆ ಉತ್ತರ ಹೇಳುತ್ತಾರೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಆಜ್ಞೆ ಕೊಡುವ ಸರ್ಕೀಟಿನಲ್ಲಿ ಧಾರಾಳವಾಗಿ ಹಣ ಉಳಿಸಬಹುದು. ನೀರನ್ನು ತಡೆದು ತಿರುಗಿಸುವ ವಾಲ್ವ್, ಅದರ ಮೋಟಾರು ಮತ್ತು ವಿದ್ಯುತ್ ರಕ್ಷಣೆಯಲ್ಲಿ ಉಳಿಸಲು ಹೋಗಬಾರದು. ಈ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದರ ಸುತ್ತಲೇ ಬಹುಪಾಲು ವಾದಗಳು ಸುತ್ತುತ್ತವೆ.

ಹಳೆಯ ಆಸೆ

ನೀರಿನ ಆಟ ತಾನಾಗಿಯೇ ಬದಲಾಗಬೇಕೆಂಬ ಆಸೆ ಮೋಟಾರಿಗಿಂತ ಬಹಳ ಹಳೆಯದು. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿದ್ದ ಬನೂ ಮೂಸಾ ಸೋದರರು ತಮ್ಮ ಯಂತ್ರಗಳ ಗ್ರಂಥದಲ್ಲಿ ರೂಪ ಬದಲಿಸುವ ಕಾರಂಜಿಗಳನ್ನು ವರ್ಣಿಸಿದ್ದಾರೆ. ಗಾಳಿ ಅಥವಾ ನೀರು ತಿರುಗಿಸುವ ಚಕ್ರವೊಂದು ಹರಿವನ್ನು ಒಂದು ನಳಿಗೆಯಿಂದ ಇನ್ನೊಂದಕ್ಕೆ ಹೊರಳಿಸುತ್ತಿತ್ತು. 1206ರಲ್ಲಿ ತನ್ನ ಗ್ರಂಥ ಮುಗಿಸಿದ ಅಲ್ ಜಝರಿ ಈ ವಿನ್ಯಾಸದಲ್ಲಿ ಒಂದು ಕೊರತೆ ಕಂಡ: ಬದಲಾವಣೆ ತೀರ ಬೇಗ ಆಗುತ್ತದೆ, ನೋಡುವವರಿಗೆ ಒಂದು ರೂಪ ಕಣ್ಣಿಗೆ ಹಿಡಿಯುವ ಮೊದಲೇ ಇನ್ನೊಂದು ಬಂದುಬಿಡುತ್ತದೆ. ಅದಕ್ಕಾಗಿ ನೀರು ತುಂಬಿದಾಗ ಮಗುಚುವ ಪಾತ್ರೆಗಳನ್ನು ಬಳಸಿ ಅವಧಿಯನ್ನು ಹಿಗ್ಗಿಸಿದ. ಯಾವಾಗ ತಿರುಗಬೇಕು, ತಿರುಗಿದ ಮೇಲೆ ಎಷ್ಟು ಹೊತ್ತು ಅಲ್ಲೇ ನಿಲ್ಲಬೇಕು ಎಂಬುದು ಇವತ್ತಿಗೂ ನಮ್ಮ ಮುಂದಿರುವ ಪ್ರಶ್ನೆ.

ಹದಿನೇಳನೇ ಶತಮಾನದ ವರ್ಸೇಲ್ಸ್ ಅರಮನೆ ಹಿಡಿದದ್ದು ಬೇರೆ ಹಾದಿ. ಸೀನ್ ನದಿಯಿಂದ ನೀರೆತ್ತಲು 1684ರಲ್ಲಿ 14 ದೈತ್ಯ ಚಕ್ರಗಳ ಮಾರ್ಲಿ ಯಂತ್ರ ನಿಂತರೂ ಎಲ್ಲ ಕಾರಂಜಿಗಳನ್ನು ಒಟ್ಟಿಗೆ ಹಾರಿಸುವಷ್ಟು ನೀರು ಸಿಗಲಿಲ್ಲ. ಅದಕ್ಕಾಗಿ ಹದಿನಾಲ್ಕನೇ ಲೂಯಿ ತೋಟದಲ್ಲಿ ನಡೆದು ಬರುವಾಗ ಕಾರಂಜಿ ಕೆಲಸಗಾರರು ಸಿಳ್ಳೆ ಹಾಕಿ ಒಬ್ಬರಿಗೊಬ್ಬರು ಸೂಚನೆ ಕೊಡುತ್ತಿದ್ದರು. ಅರಸ ಹತ್ತಿರ ಬಂದಾಗ ವಾಲ್ವ್ ತೆರೆಯುವುದು, ದಾಟಿ ಹೋದಾಗ ಮುಚ್ಚುವುದು. ನಮ್ಮ ಕೆರೆಗಳ ತೂಬು ಕಾಯುತ್ತಿದ್ದ ನೀರಗಂಟಿಯ ಕೆಲಸವೂ ತತ್ತ್ವದಲ್ಲಿ ಇದೇ ಆಗಿತ್ತು. ನೀರು ಕಡಿಮೆ ಇದ್ದಲ್ಲಿ ವಾಲ್ವ್ ತಿರುಗಿಸುವವನಿಗೆ ಹೊತ್ತು ಗೊತ್ತು ತಿಳಿದಿರಬೇಕು.

ಇಪ್ಪತ್ತನೇ ಶತಮಾನದ ಅಮೆರಿಕದ ಹಿತ್ತಿಲಿಗೆ ಮೊದಲು ಬಂದದ್ದು ಗಡಿಯಾರ. ಇಂಟರ್‌ಮ್ಯಾಟಿಕ್ ಕಂಪನಿಯ ಬೂದು ಪೆಟ್ಟಿಗೆಯ ಟೈಮರು ಇಂದಿಗೂ ಲಕ್ಷಣವಾಗಿ ಓಡುತ್ತದೆ. ಹಳದಿ ಮುಖದ ಮೇಲೆ ಎರಡು ಲೋಹದ ತುಂಡು ಸಿಕ್ಕಿಸಿದರೆ ಪಂಪು ಇಷ್ಟು ಗಂಟೆಗೆ ಶುರು, ಇಷ್ಟು ಗಂಟೆಗೆ ಬಂದ್. ಆಮೇಲೆ ಗಾಳಿ ಗುಂಡಿಗಳು ಬಂದವು. ತೊಟ್ಟಿಯೊಳಗೆ ಕೂತವರು ಗುಂಡಿ ಒತ್ತಿದರೆ ಸಣ್ಣ ಕೊಳವೆಯಲ್ಲಿ ಗಾಳಿ ತಳ್ಳಿಕೊಂಡು ಹೋಗಿ ದೂರದ ಸ್ವಿಚ್ಚನ್ನು ಅದುಮುತ್ತಿತ್ತು. ನೀರಿನ ಹತ್ತಿರ ವಿದ್ಯುತ್ತೇ ಸುಳಿಯುತ್ತಿರಲಿಲ್ಲ. ಎಷ್ಟು ಸರಳ, ಎಷ್ಟು ಸುರಕ್ಷಿತ! ಅಗ್ಗದ ಯಾಂತ್ರೀಕರಣದ ಬಗ್ಗೆ ಯೋಚಿಸುವವರು ಈ ಗಾಳಿ ಗುಂಡಿಯನ್ನು ಮರೆಯಬಾರದು.

ಮುಂದಿನ ಹಂತದಲ್ಲಿ ಜ್ಯಾಂಡಿ, ಪೆಂಟೇರ್, ಹೇವರ್ಡ್ ಕಂಪನಿಗಳು ವಾಲ್ವಿನ ತಲೆಯ ಮೇಲೆ ಕೂರುವ ಮೋಟಾರು ಡಬ್ಬಿಗಳನ್ನು ತಂದವು. ಇವಕ್ಕೆ ಆಕ್ಚುಯೇಟರ್ ಎಂದು ಹೆಸರು. ಅವನ್ನು ಆಳಲು ಕಂಪ್ಯೂಟರ್ ಪೆಟ್ಟಿಗೆಗಳು ಬಂದವು. ಪಂಪು, ಕ್ಲೋರಿನ್ ಯಂತ್ರ, ಪೆಟ್ಟಿಗೆ ಪರಸ್ಪರ ಮಾತಾಡಲು ಆರ್‌ಎಸ್-485 ಎಂಬ ತಂತಿ ಬಂತು. 2014ರ ಸುಮಾರಿಗೆ ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್, 2016ರಲ್ಲಿ ಅದರ ತಮ್ಮ ಇಎಸ್‌ಪಿ32 ಕೈಗೆ ಸಿಕ್ಕಾಗ ಹವ್ಯಾಸಿಗಳಿಗೆ ಬಾಗಿಲು ತೆರೆಯಿತು. ವೈಫೈ ಇರುವ ಪುಟ್ಟ ಕಂಪ್ಯೂಟರು ಹತ್ತು ಡಾಲರಿನೊಳಗೆ ಸಿಗುವಾಗ ಸಾವಿರಾರು ಡಾಲರಿನ ಪೆಟ್ಟಿಗೆ ಯಾಕೆ ಎಂದು ಅವರು ಕೇಳತೊಡಗಿದರು. ಇವತ್ತಿನ ಚರ್ಚೆ ಶುರುವಾದದ್ದು ಅಲ್ಲಿಂದ.

ವಾಲ್ವಿನ ಹೊಟ್ಟೆಯಲ್ಲಿ

ಪಂಥಗಳ ಜಗಳಕ್ಕೆ ಇಳಿಯುವ ಮೊದಲು ವಾಲ್ವನ್ನು ಸರಿಯಾಗಿ ನೋಡಬೇಕು. ಇದನ್ನು ಬಿಟ್ಟು ನೇರವಾಗಿ ಸರ್ಕೀಟಿಗೆ ಹಾರಿದವರೇ ಹೆಚ್ಚಾಗಿ ಕಷ್ಟಕ್ಕೆ ಸಿಕ್ಕುವುದು.

ಕೊಳದ ಕಟ್ಟೆಯಲ್ಲಿ ಸಾಮಾನ್ಯವಾಗಿ ಇರುವುದು ಮೂರು ಬಾಯಿಯ ವಾಲ್ವ್. ಒಂದು ಬಾಯಿಯಿಂದ ನೀರು ಒಳಗೆ ಬರುತ್ತದೆ, ಉಳಿದ ಎರಡರಿಂದ ಹೊರಗೆ ಹೋಗುತ್ತದೆ. ಒಳಗೆ ಬಾಗಿದ ರೆಕ್ಕೆಯೊಂದು ತಿರುಗಿ, ಯಾವುದಾದರೂ ಒಂದು ಬಾಯಿಯನ್ನು ಮುಚ್ಚುತ್ತದೆ. ನಾಲ್ಕನೇ ದಿಕ್ಕಿನಲ್ಲಿ ಬಾಯಿಲ್ಲ, ಬರೀ ಗೋಡೆ. ರೆಕ್ಕೆ ಆ ಗೋಡೆಗೆ ಒರಗಿದಾಗ ಎರಡೂ ಹೊರಬಾಯಿ ತೆರೆದಿರುತ್ತವೆ, ನೀರು ಇಬ್ಭಾಗವಾಗಿ ಹರಿಯುತ್ತದೆ. ಕೊಳದ ಕಡೆ ಮುಚ್ಚಿದಾಗ ಪೂರ್ತಿ ನೀರು ಜಲಪಾತಕ್ಕೆ, ಜಲಪಾತದ ಕಡೆ ಮುಚ್ಚಿದಾಗ ಪೂರ್ತಿ ನೀರು ಕೊಳಕ್ಕೆ. ರೆಕ್ಕೆ ಗೋಡೆಯ ಬದಿಯಿಂದ 180 ಡಿಗ್ರಿ ಓಡಾಡುವವರೆಗೆ ಪಂಪಿನ ನೀರಿಗೆ ಯಾವಾಗಲೂ ಒಂದು ದಾರಿ ತೆರೆದೇ ಇರುತ್ತದೆ. ಅದೇ ರೆಕ್ಕೆ ತಪ್ಪು ಬದಿಯಿಂದ ತಿರುಗಿದರೆ ನಡುದಾರಿಯಲ್ಲಿ ನೀರು ಬರುವ ಬಾಯಿಯನ್ನೇ ಮುಚ್ಚಿಬಿಡುತ್ತದೆ. ಆ ಗಳಿಗೆಯಲ್ಲಿ ಓಡುತ್ತಿರುವ ಪಂಪಿನ ಒತ್ತಡಕ್ಕೆ ಹೋಗಲು ಜಾಗವಿಲ್ಲ. ಮೋಟಾರು ಅಲ್ಲೇ ಸಿಕ್ಕಿಕೊಂಡು ನಿಂತರೆ ಪಂಪಿನೊಳಗಿನ ನೀರು ಬಿಸಿಯಾಗಿ ಪಿವಿಸಿ ಪೈಪು ಮೆತ್ತಗಾಗುತ್ತದೆ, ಒತ್ತಡ ಫಿಲ್ಟರಿನ ಟ್ಯಾಂಕಿನ ಮೇಲೆ ಬೀಳುತ್ತದೆ.

ಮೋಟಾರು ಡಬ್ಬಿಯ ಒಳಗೆ ಗೇರುಗಳ ಜೊತೆಗೆ ಎರಡು ಹಲ್ಲುಬಿಲ್ಲೆಗಳೂ ಎರಡು ಸಣ್ಣ ಸ್ವಿಚ್ಚುಗಳೂ ಇರುತ್ತವೆ. ರೆಕ್ಕೆ ಗೊತ್ತುಪಡಿಸಿದ ಕೊನೆ ತಲುಪಿದ ಕೂಡಲೇ ಬಿಲ್ಲೆ ಸ್ವಿಚ್ಚನ್ನು ತಳ್ಳಿ ಮೋಟಾರಿನ ವಿದ್ಯುತ್ತು ಕಡಿಯುತ್ತದೆ. ಬಿಲ್ಲೆಗಳನ್ನು ಸರಿಸಿ, ಜಲಪಾತಕ್ಕೆ ಮೂರನೇ ಒಂದು ಪಾಲು ನೀರು ಸಾಕು ಎಂದಾದರೆ ಅಲ್ಲಿಗೇ ನಿಲ್ಲುವಂತೆಯೂ ಮಾಡಬಹುದು. ಡಬ್ಬಿಗೆ 24 ವೋಲ್ಟ್ ಎಸಿ ಸಾಕು. ತಂತಿಗಳು ಮೂರು: ಒಂದು ಸಾಮಾನ್ಯ, ಒಂದು ಬಲಕ್ಕೆ, ಒಂದು ಎಡಕ್ಕೆ. ಯಾವ ತಂತಿಗೆ ವಿದ್ಯುತ್ ಕೊಡುತ್ತೀರೋ ಆ ಕಡೆಗೆ ತಿರುಗಿ ಕೊನೆಯಲ್ಲಿ ತಾನೇ ನಿಲ್ಲುತ್ತದೆ. ಡಬ್ಬಿಯ ಹಿಂಬದಿಯ ಸ್ವಿಚ್ಚಿನಿಂದ ಕೈಯಾರೆಯೂ ತಿರುಗಿಸಬಹುದು. ಅಗ್ಗದ ದಾರಿಗಳೆಲ್ಲ ಹುಟ್ಟಿದ್ದು ಈ ಸರಳತೆಯಿಂದ. ನಿಲ್ಲುವ ಬುದ್ಧಿ ಡಬ್ಬಿಯೊಳಗೇ ಇರುವುದರಿಂದ ಹೊರಗಿನ ಸರ್ಕೀಟು ಎರಡು ತಂತಿಗಳಲ್ಲಿ ಒಂದನ್ನು ಆರಿಸಿದರೆ ಸಾಕು. ಅಷ್ಟು ಕೆಲಸವನ್ನು ರಿಲೇ ಎಂಬ ವಿದ್ಯುತ್ ಚಾಲಿತ ಸ್ವಿಚ್ಚು ಒಂದೇ ಮಾಡುತ್ತದೆ.

ಎಲ್ಲವೂ ಒಂದೇ ಕಂಪನಿಯದಾಗಿರಲಿ ಎನ್ನುವವರು

ಕೊಳ ಕಟ್ಟುವ ಗುತ್ತಿಗೆದಾರರಲ್ಲಿ ಹೆಚ್ಚಿನವರು ಈ ಪಂಥದವರು. ಪಂಪು, ಹೀಟರು, ಕ್ಲೋರಿನ್ ಯಂತ್ರ, ವಾಲ್ವ್, ದೀಪ ಎಲ್ಲಕ್ಕೂ ಒಂದೇ ಪೆಟ್ಟಿಗೆ. ಜ್ಯಾಂಡಿಯವರ ಆಕ್ವಾಲಿಂಕ್, ಪೆಂಟೇರ್‌ನ ಇಂಟೆಲಿಸೆಂಟರ್, ಹೇವರ್ಡ್‌ನ ಆಮ್ನಿಲಾಜಿಕ್ ಈ ಬಗೆಯವು. ಇವರ ವಾದದ ಬಲ ಬೆಲೆಯಲ್ಲಿಲ್ಲ, ಹೊಂದಾಣಿಕೆಯಲ್ಲಿದೆ. ವಾಲ್ವ್ ತಿರುಗುವ ಹೊತ್ತಿಗೆ ಪಂಪನ್ನು ನಿಲ್ಲಿಸುವುದು, ಹೀಟರು ಆರಿದ ಮೇಲೂ ಸ್ವಲ್ಪ ಹೊತ್ತು ನೀರು ಹರಿಸಿ ತಣಿಸುವುದು, ಹೊರಗಿನ ಉಷ್ಣತೆ ಹೆಪ್ಪುಗಟ್ಟುವ ಮಟ್ಟಕ್ಕಿಳಿದಾಗ ಪಂಪು ಓಡಿಸಿ ಎಲ್ಲ ಪೈಪುಗಳಲ್ಲೂ ಸರದಿಯಂತೆ ನೀರು ಚಲಿಸುವ ಹಾಗೆ ವಾಲ್ವ್ ಹೊರಳಿಸುವುದು, ಇವೆಲ್ಲ ಪೆಟ್ಟಿಗೆಯೊಳಗೇ ಬರೆದಿರುತ್ತವೆ.

ಹಿಮದ ಈ ಕೆಲಸವನ್ನು ಹಗುರವಾಗಿ ಕಾಣಬಾರದು. ಜಲಪಾತದ ಪೈಪು ನೆಲದ ಮೇಲೆ, ಬಂಡೆಗಳ ನಡುವೆ ಹಾದಿರುತ್ತದೆ. ನೀರು ನಿಂತರೆ ಮೊದಲು ಒಡೆಯುವುದು ಅದೇ. ಆದರೆ ಈ ರಕ್ಷಣೆಗೂ ಮಿತಿಯಿದೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿಗೆ ಅಪ್ಪಳಿಸಿದ ಚಳಿಗಾಳಿಯಲ್ಲಿ ಲಕ್ಷಾಂತರ ಮನೆಗಳ ವಿದ್ಯುತ್ತೇ ಹೋಯಿತು. ಯಾವ ಕಂಪನಿಯ ಪೆಟ್ಟಿಗೆಯಾದರೂ ಕರೆಂಟಿಲ್ಲದೆ ಏನೂ ಮಾಡಲಾರದು, ಕೊಳದ ಪೈಪುಗಳು ಸಾಲುಸಾಲಾಗಿ ಒಡೆದವು. ಅಂಥ ರಾತ್ರಿಯಲ್ಲಿ ಉಪಯೋಗಕ್ಕೆ ಬರುವುದು ಪಂಪಿನ, ಫಿಲ್ಟರಿನ ತಳದ ಬಿರಡೆ ಬಿಚ್ಚಿ ನೀರು ಖಾಲಿ ಮಾಡಲು ಬಲ್ಲ ಮನುಷ್ಯ.

ಈ ಪಂಥದ ದೌರ್ಬಲ್ಯ ಬೆಲೆಯೊಂದೇ ಅಲ್ಲ. ಒಂದು ಕಂಪನಿಯ ಪೆಟ್ಟಿಗೆ ಕೊಂಡರೆ ಮುಂದಿನ ಪಂಪು, ಮುಂದಿನ ಬಿಡಿಭಾಗ ಎಲ್ಲದಕ್ಕೂ ಅದೇ ಅಂಗಡಿಯ ಮುಂದೆ ನಿಲ್ಲಬೇಕು. ಎರಡೋ ಮೂರೋ ವಾಲ್ವ್‌ಗಿಂತ ಹೆಚ್ಚು ಬೇಕೆಂದಾಗ ವಿಸ್ತರಣೆಯ ಹಲಗೆಗೆ ಬೇರೆ ದುಡ್ಡು. ಮೋಜೆಂದರೆ ದುಬಾರಿ ಪೆಟ್ಟಿಗೆಯೂ ವಾಲ್ವಿನ ತುದಿಯಲ್ಲಿ ಮಾಡುವುದು ಅದೇ ಮೂರು ತಂತಿಯ ಕೆಲಸ.

ನೀರಾವರಿಯ ಅಂಗಡಿಯಿಂದ

ಎರಡನೆಯ ಪಂಥದವರು ಒಂದು ಸಂಗತಿ ಗಮನಿಸಿದರು. ಹುಲ್ಲುಹಾಸಿಗೆ ನೀರುಣಿಸುವ ಸ್ಪ್ರಿಂಕ್ಲರ್ ಟೈಮರುಗಳೂ 24 ವೋಲ್ಟ್ ಎಸಿಯನ್ನೇ ಕೊಡುತ್ತವೆ. ಅವು ಎಲ್ಲ ಕಡೆ ಸಿಗುತ್ತವೆ, ಮಳೆ ಬಿಸಿಲಿಗೆ ಒಗ್ಗಿವೆ, ವೈಫೈ ಇರುವ ಮಾದರಿಗಳೂ ಇವೆ. ಓಪನ್‌ಸ್ಪ್ರಿಂಕ್ಲರ್ ಎಂಬುದಂತೂ ತನ್ನ ವಿನ್ಯಾಸವನ್ನೇ ಬಹಿರಂಗವಾಗಿಟ್ಟಿದೆ. ಟೈಮರಿನ ಒಂದೊಂದು ಸಾಲಿಗೆ 24 ವೋಲ್ಟ್ ಸುರುಳಿಯ ಒಂದೊಂದು ರಿಲೇ ಸಿಕ್ಕಿಸಿದರೆ, ಸಾಲು ಜೀವಂತವಾದಾಗ ಜಲಪಾತ, ಸತ್ತಾಗ ಕೊಳ. ಪ್ರೋಗ್ರಾಮು ಬರೆಯಲು ಬಾರದವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯವನ್ನು ಮಾತ್ರ ಲೆಕ್ಕ ಹಾಕಬೇಕು. ಸ್ಪ್ರಿಂಕ್ಲರ್ ವಾಲ್ವಿಗಿಂತ ಕೊಳದ ಮೋಟಾರು ಹೆಚ್ಚು ವಿದ್ಯುತ್ ಎಳೆಯುತ್ತದೆ. ಒಂದೊಂದಕ್ಕೆ ಸುಮಾರು ಮುಕ್ಕಾಲು ಆಂಪಿಯರ್ ಎಂದು ಹಿಡಿದರೆ, ಎರಡು ಒಟ್ಟಿಗೆ ತಿರುಗುವಾಗ 40 ವೋಲ್ಟ್-ಆಂಪಿಯರಿನ ಹತ್ತಿರ ಹೋಗುತ್ತದೆ. ಅದಕ್ಕಾಗಿ ಮೋಟಾರುಗಳಿಗೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರು ಇಡುವುದು ಒಳ್ಳೆಯದು.

ಇದೇ ಪಂಥದ ಇನ್ನೊಂದು ಕವಲು ಸ್ವಲ್ಪ ಮುಂದೆ ಹೋಗಿ, ಮೋಟಾರು ಡಬ್ಬಿಯನ್ನೂ ಬಿಟ್ಟು, ನೀರಾವರಿಯ ಸೊಲೆನಾಯ್ಡ್ ವಾಲ್ವನ್ನೇ ಜಲಪಾತದ ಪೈಪಿಗೆ ಕೂರಿಸುತ್ತದೆ. ಬೆಲೆ ನಾಲ್ಕನೇ ಒಂದು ಪಾಲಿಗೂ ಇಳಿಯುತ್ತದೆ. ಇಲ್ಲಿ ಅಗ್ಗದ ಆಸೆ ದಾರಿ ತಪ್ಪುತ್ತದೆ ಎಂದೇ ನನ್ನ ಅಭಿಪ್ರಾಯ. ಸೊಲೆನಾಯ್ಡ್ ವಾಲ್ವಿನ ಪೊರೆ ಎದ್ದು ಕೂರಲು ಎರಡೂ ಬದಿಗಳ ನಡುವೆ ಒತ್ತಡದ ಅಂತರ ಬೇಕು. ನಲ್ಲಿ ನೀರಿನ ಒತ್ತಡ ಅದಕ್ಕೆ ಸಾಕು. ನಿಧಾನ ವೇಗದಲ್ಲಿ ಓಡುವ ಕೊಳದ ಪಂಪು, ಫಿಲ್ಟರು ದಾಟಿದ ಮೇಲೆ, ಅಷ್ಟನ್ನು ಉಳಿಸಿಕೊಂಡಿರುವುದಿಲ್ಲ. ಇಕ್ಕಟ್ಟಾದ ಒಳದಾರಿಯಿಂದ ಹರಿವೂ ಕುಗ್ಗುತ್ತದೆ, ಎಲೆಚೂರು ಸಿಕ್ಕಿದರೆ ಪೊರೆ ಪೂರ್ತಿ ಮುಚ್ಚುವುದಿಲ್ಲ, ಕ್ಲೋರಿನ್ ರಬ್ಬರನ್ನು ತಿನ್ನುತ್ತದೆ. ಸ್ವಂತ ಪಂಪಿರುವ ಸಣ್ಣ ಚಿಲುಮೆಗಾದರೆ ಸರಿ, ಎರಡಂಗುಲದ ಪೈಪಿನ ಜಲಪಾತಕ್ಕೆ ಸಲ್ಲದು.

ಆನ್‌ಲೈನ್ ಅಂಗಡಿಗಳಲ್ಲಿ ಸಿಗುವ ಮೋಟಾರು ಜೋಡಿಸಿದ ಬಾಲ್ ವಾಲ್ವ್ ಇವೆರಡರ ನಡುವಿನದು. ದಾರಿ ಪೂರ್ತಿ ತೆರೆದುಕೊಳ್ಳುತ್ತದೆ, ಒತ್ತಡದ ಹಂಗಿಲ್ಲ, ಬೆಂಗಳೂರಿನಲ್ಲೂ ಕೊಳ್ಳಬಹುದು. ಆದರೆ ಪ್ಲಾಸ್ಟಿಕ್ ಬಾಲ್ ವಾಲ್ವ್ ತಿಂಗಳುಗಟ್ಟಲೆ ಅಲುಗದೆ ಕೂತರೆ ಬಿಗಿದುಕೊಳ್ಳುತ್ತದೆ. ಆಗ ಅಗ್ಗದ ಮೋಟಾರಿನ ಗೇರು ಸವೆಯುತ್ತದೆ. ವಾರಕ್ಕೊಮ್ಮೆಯಾದರೂ ಸುಮ್ಮನೆ ತಿರುಗಿಸಿ ನಿಲ್ಲಿಸುವ ಪ್ರೋಗ್ರಾಮು ಹಾಕಿದರೆ ಬಾಳಿಕೆ ಬರುತ್ತದೆ.

ನಾವೇ ಮಾಡಿಕೊಳ್ಳುತ್ತೇವೆ ಎನ್ನುವವರು

ಹವ್ಯಾಸಿಗಳ ಪಂಥದಲ್ಲಿ ಎರಡು ದಾರಿಗಳಿವೆ. ಈಗಾಗಲೇ ಕಂಪನಿಯ ಪೆಟ್ಟಿಗೆ ಇರುವವರು ಅದರ ಆರ್‌ಎಸ್-485 ತಂತಿಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು ಜೋಡಿಸಿ, ಪೆಟ್ಟಿಗೆಯ ಭಾಷೆಯನ್ನು ಕದ್ದು ಕೇಳಿ ಕಲಿತು, ತಮ್ಮದೇ ಆಜ್ಞೆ ಕಳಿಸುತ್ತಾರೆ. ಆಕ್ವಾಲಿಂಕ್‌ಡಿ, ನೋಡ್‌ಜೆಎಸ್ ಪೂಲ್ ಕಂಟ್ರೋಲರ್ ಎಂಬ ಮುಕ್ತ ತಂತ್ರಾಂಶಗಳು ಹೀಗೆ ಬೆಳೆದವು. ಕಂಪನಿಗಳು ಈ ಭಾಷೆಯ ವ್ಯಾಕರಣ ಪ್ರಕಟಿಸದಿದ್ದರೂ ಅಪರಿಚಿತರು ಕೂಡಿ ಅಕ್ಷರ ಅಕ್ಷರವಾಗಿ ಬಿಡಿಸಿದ್ದಾರೆ. ಇದು ದೊಡ್ಡ ಸಾಮೂಹಿಕ ವಿದ್ವತ್ತು ಎಂದು ನಾನು ಗೌರವದಿಂದಲೇ ಹೇಳುತ್ತೇನೆ.

ಪೆಟ್ಟಿಗೆಯೇ ಇಲ್ಲದವರ ದಾರಿ ಇನ್ನೂ ನೇರ. ಒಂದು ಇಎಸ್‌ಪಿ32, ಒಂದು ರಿಲೇ ಹಲಗೆ, ಒಂದು ಟ್ರಾನ್ಸ್‌ಫಾರ್ಮರು, ನೀರು ಹೊಕ್ಕದ ಒಂದು ಡಬ್ಬಿ. ಇಎಸ್‌ಪಿಹೋಮ್, ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶಗಳು ಉಳಿದ ಕೆಲಸ ಮಾಡುತ್ತವೆ. ಆಗ ಖರ್ಚಿನ ದೊಡ್ಡ ಪಾಲು ಮೋಟಾರು ಡಬ್ಬಿಯದೇ. ಒಂದಕ್ಕೆ ನೂರೈವತ್ತರಿಂದ ಇನ್ನೂರೈವತ್ತು ಡಾಲರಿನ ಆಸುಪಾಸು. ಅದರ ಮುಂದೆ ಉಳಿದ ಸಾಮಾನಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಈ ಪಂಥದ ಅತ್ಯಂತ ಬಲವಾದ ವಾದ ಬಾಳಿಕೆಯದು. ದೂರದ ಸರ್ವರ್ ನಂಬಿದ ಉಪಕರಣ, ಆ ಸರ್ವರ್ ನಿಂತ ದಿನ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. ರಿವಾಲ್ವ್ ಎಂಬ ಮನೆ ಯಾಂತ್ರೀಕರಣದ ಪೆಟ್ಟಿಗೆಗಳು 2016ರಲ್ಲಿ, ಅವುಗಳ ಸೇವೆಯನ್ನು ಒಡೆತನದ ಕಂಪನಿ ನಿಲ್ಲಿಸಿದಾಗ, ಕೆಲಸಕ್ಕೆ ಬಾರದಂತಾದವು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಸ್ತಬ್ಧವಾದವು. ಕೊಳದ ಆಯುಸ್ಸು ಇಪ್ಪತ್ತು ಮೂವತ್ತು ವರ್ಷ. ಅಷ್ಟು ಕಾಲ ಒಂದು ಕಂಪನಿಯ ಸರ್ವರ್ ಬದುಕಿರುತ್ತದೆಂದು ನಂಬುವುದು ಕಷ್ಟ. ಮನೆಯೊಳಗೇ ಓಡುವ ವ್ಯವಸ್ಥೆಗೆ ಆ ಭಯವಿಲ್ಲ.

ಎದುರುವಾದವೂ ಬಾಳಿಕೆಯದೇ. ಇದನ್ನು ಕಟ್ಟಿದವರು ಊರಲ್ಲಿಲ್ಲದಾಗ, ಅಥವಾ ಮನೆ ಮಾರಿ ಹೋದಾಗ, ದುರಸ್ತಿ ಮಾಡುವವರು ಯಾರು? ಕೊಳ ಶುಚಿ ಮಾಡಲು ಬರುವವರು ಗುರುತಿಲ್ಲದ ಡಬ್ಬಿ ನೋಡಿ ಕೈ ಚೆಲ್ಲುತ್ತಾರೆ. ಇದಕ್ಕೆ ಹವ್ಯಾಸಿಗಳಲ್ಲಿ ವಿವೇಕಿಗಳು ಕಂಡುಕೊಂಡ ಉತ್ತರ ನನಗೆ ಹಿಡಿಸಿದೆ. ರಿಲೇ ಸುಮ್ಮನಿರುವ ಸ್ಥಿತಿಗೆ ಕೊಳದ ಮಾಮೂಲಿ ಹರಿವನ್ನು ಜೋಡಿಸಬೇಕು. ಚಿಪ್ ಸತ್ತರೆ, ಅಥವಾ ವೈಫೈ ಹೋಗಿಯೋ ಪ್ರೋಗ್ರಾಮು ಸಿಕ್ಕಿಕೊಂಡೋ ಅದು ಮರುಶುರುವಾದರೆ ರಿಲೇ ಬಿಡುತ್ತದೆ, ವಾಲ್ವ್ ತಾನೇ ಮಾಮೂಲಿ ಜಾಗಕ್ಕೆ ಮರಳುತ್ತದೆ. ಇಷ್ಟನ್ನು ಪಾಲಿಸದ ವ್ಯವಸ್ಥೆಯನ್ನು, ಅದೆಷ್ಟು ಚೆಂದದ ಪರದೆ ತೋರಿಸಿದರೂ, ನಾನು ಒಪ್ಪುವುದಿಲ್ಲ.

ವಾಲ್ವೇ ಬೇಡ, ಪಂಪು ಸಾಕು

ನಾಲ್ಕನೆಯ ಪಂಥ ಪ್ರಶ್ನೆಯನ್ನೇ ಬದಲಿಸುತ್ತದೆ. ಜಲಪಾತಕ್ಕೆ ಸಣ್ಣದೊಂದು ಪ್ರತ್ಯೇಕ ಪಂಪು ಇಟ್ಟರೆ ವಾಲ್ವ್ ತಿರುಗಿಸುವ ಮಾತೇ ಇಲ್ಲ, ಒಂದು ಸ್ವಿಚ್ಚು ಸಾಕು. ಹೊಸ ಕೊಳ ಕಟ್ಟುವವರಿಗೆ ಇದು ಜಾಣ ಆಯ್ಕೆ. ಕಟ್ಟಿ ಮುಗಿದ ಕೊಳದಲ್ಲಿ ಮಾತ್ರ ಹೊಸ ಹೀರುಪೈಪಿಗಾಗಿ ಕಾಂಕ್ರೀಟು ಅಗೆಯಬೇಕಾಗುತ್ತದೆ, ಉಳಿತಾಯವೆಲ್ಲ ಅಲ್ಲೇ ಹೋಗುತ್ತದೆ.

ಇದರ ಸೋದರ ವಾದ ವೇಗ ಬದಲಿಸುವ ಪಂಪಿನದು. ಪಂಪಿನ ವೇಗ ಅರ್ಧಕ್ಕಿಳಿಸಿದರೆ ಹರಿವು ಅರ್ಧವಾಗುತ್ತದೆ, ಎಳೆಯುವ ಶಕ್ತಿ ಲೆಕ್ಕದ ಪ್ರಕಾರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಮೆರಿಕದ ಇಂಧನ ಇಲಾಖೆಯ ದಕ್ಷತಾ ನಿಯಮ 2021ರ ಜುಲೈ 19ರಿಂದ ಜಾರಿಗೆ ಬಂದ ಮೇಲೆ ಇಂಥ ಪಂಪುಗಳೇ ರೂಢಿಯಾಗಿವೆ. ಬಂಡೆಯ ಜಲಪಾತದ ಬಾಯಿ ಎತ್ತರದಲ್ಲಿದ್ದರೆ, ಪಂಪು ನಿಧಾನವಾಗಿ ಓಡುವಾಗ ನೀರು ಅಲ್ಲಿಗೆ ಏರುವುದಿಲ್ಲ ಅಥವಾ ತೆಳುವಾಗಿ ಒಸರುತ್ತದೆ. ವೇಗ ಹೆಚ್ಚಿಸಿದರೆ ಧುಮುಕುತ್ತದೆ. ಕೆಲವರು ವಾಲ್ವನ್ನು ಒಮ್ಮೆ ಕೈಯಲ್ಲಿ ಹದಕ್ಕೆ ತಂದು ಬಿಟ್ಟು, ಉಳಿದದ್ದನ್ನು ವೇಗದಿಂದಲೇ ನಿಭಾಯಿಸುತ್ತಾರೆ. ಒಂದು ಪೈಸೆಯ ಹೊಸ ಸಾಮಾನೂ ಬೇಡದ ಈ ಉಪಾಯವನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕು. ಎಲ್ಲ ಕೊಳದಲ್ಲೂ ಇದು ನಡೆಯುವುದಿಲ್ಲ, ನಡೆದಲ್ಲಿ ಲೇಖನದ ಉಳಿದ ಭಾಗವೇ ಬೇಕಾಗುವುದಿಲ್ಲ.

ನೀರು ಹೇಳುವ ಲೆಕ್ಕ

ಅನುಕೂಲದ ಮಾತಿನಲ್ಲಿ ಮರೆಯಾಗುವ ಎರಡು ಸಂಗತಿಗಳಿವೆ. ಧುಮುಕುವ ನೀರು ಗಾಳಿಯ ಜೊತೆ ಬೆರೆತಾಗ ಅದರಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಪಿಎಚ್ ಏರುತ್ತದೆ. ಕೊಳದ ನೀರು 7.2ರಿಂದ 7.8ರ ನಡುವೆ ಇರಬೇಕು. ಜಲಪಾತ ದಿನವಿಡೀ ಸುರಿಯುವ ಮನೆಗಳಲ್ಲಿ ಪದೇ ಪದೇ ಆಮ್ಲ ಸುರಿಯಬೇಕಾಗುವುದು ಇದರಿಂದ. ಜೊತೆಗೆ, ಹರಡಿ ಬೀಳುವ ನೀರು ಬೇಗ ಆವಿಯಾಗುತ್ತದೆ. ಅರಿಜೋನಾದ ಒಣಬೇಸಗೆಯಲ್ಲಿ ಇದು ಸಣ್ಣ ನಷ್ಟವಲ್ಲ. ಆದ್ದರಿಂದ ವಾಲ್ವಿನ ಯಾಂತ್ರೀಕರಣವನ್ನು ಬರೀ ಸುಖದ ವಸ್ತುವೆಂದು ತಳ್ಳಿಹಾಕಲಾಗದು. ಜನ ಕೂತಿರುವ ಎರಡು ಗಂಟೆ ಹರಿಸಿ ಉಳಿದ ಹೊತ್ತು ನಿಲ್ಲಿಸುವುದೇ ಅದರ ನಿಜವಾದ ಲಾಭ. ಕೈಗೆ ಸುಲಭವಾಗಿ ಸಿಕ್ಕಿದ್ದರಿಂದ ಹೆಚ್ಚು ಹೊತ್ತು ಹರಿಸಿದರೆ ಲಾಭ ತಲೆಕೆಳಗಾಗುತ್ತದೆ. ಆನ್ ಮಾಡಿದ ಪ್ರತಿ ಸಲವೂ ತಾನೇ ಆರುವ ಅವಧಿಯನ್ನು ಪ್ರೋಗ್ರಾಮಿನಲ್ಲೇ ಬರೆದಿಡಬೇಕು.

ನಮ್ಮಲ್ಲಿ ಈ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲಿ ಕೊಳವೂ ಕಾರಂಜಿಯೂ ಈಗ ಸಾಮಾನ್ಯ. 2024ರ ಮಾರ್ಚ್‌ನ ಬರದಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಅಲಂಕಾರಿಕ ಕಾರಂಜಿ, ಕೈತೋಟ, ವಾಹನ ತೊಳೆಯುವುದಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಅದೇ ತಿಂಗಳು ಈಜುಕೊಳಗಳನ್ನೂ ನಿಷೇಧದ ಪಟ್ಟಿಗೆ ಸೇರಿಸಿತು. ಅಪಾರ್ಟ್‌ಮೆಂಟ್ ಸಂಘಗಳು ಕಾರಂಜಿಗೆ ಟೈಮರು ಹಾಕುವ ಮೊದಲು ಅದಕ್ಕೆ ಯಾವ ನೀರು ಎಂಬುದನ್ನು ತೀರ್ಮಾನಿಸಬೇಕು.

ಉಳಿಸಬಾರದ ಜಾಗ

ಅಮೆರಿಕದ ವಿದ್ಯುತ್ ಸಂಹಿತೆಯ 680ನೇ ಪ್ರಕರಣ ಪೂರ್ತಿ ಈಜುಕೊಳ, ಕಾರಂಜಿ ಮೊದಲಾದವಕ್ಕೇ ಮೀಸಲು. ಕೊಳದ ಸುತ್ತಲಿನ ಲೋಹದ ಭಾಗಗಳನ್ನೆಲ್ಲ ತಾಮ್ರದ ತಂತಿಯಿಂದ ಒಂದಕ್ಕೊಂದು ಬೆಸೆಯಬೇಕು, ಕೆಲವೇ ಮಿಲಿಆಂಪಿಯರ್ ಸೋರಿದರೂ ಕಡಿದುಹಾಕುವ ರಕ್ಷಕ ಇರಬೇಕು ಎಂಬ ನಿಯಮಗಳು ಅಲ್ಲಿವೆ. 24 ವೋಲ್ಟ್ ತಾನೇ ಎಂದು ಉಡಾಫೆ ಮಾಡುವವರು ಆ 24 ವೋಲ್ಟ್ ಹುಟ್ಟುವುದು ಮೇನ್ಸ್‌ಗೆ ಜೋಡಿಸಿದ ಟ್ರಾನ್ಸ್‌ಫಾರ್ಮರಿನಿಂದ ಎಂಬುದನ್ನು ನೆನಪಿಡಬೇಕು. ಹೆಸರಿಲ್ಲದ ಅಗ್ಗದ ಟ್ರಾನ್ಸ್‌ಫಾರ್ಮರಿನ ಒಳಗೆ ಎರಡು ಸುರುಳಿಗಳ ನಡುವಿನ ತಡೆ ಕೆಟ್ಟರೆ ಮೇನ್ಸ್ ವಿದ್ಯುತ್ತು ವಾಲ್ವಿನವರೆಗೂ ಬರಬಹುದು. ನಮ್ಮಲ್ಲಿ ಮೇನ್ಸ್ 230 ವೋಲ್ಟ್. 30 ಮಿಲಿಆಂಪಿಯರ್‌ನ ಸೋರಿಕೆ ರಕ್ಷಕ (ಆರ್‌ಸಿಸಿಬಿ) ಇಲ್ಲದ ಪಂಪುಮನೆಯಲ್ಲಿ ಈ ಪ್ರಯೋಗಕ್ಕೆ ಕೈ ಹಾಕಲೇಬಾರದು. ಮೇನ್ಸ್ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನಿಗೆ ಬಿಡಿ, ಆ ದುಡ್ಡನ್ನು ಉಳಿಸುವ ಲೆಕ್ಕಕ್ಕೆ ಸೇರಿಸಬೇಡಿ.

ಹೀರುವ ಬದಿಯ ವಾಲ್ವ್‌ಗಳದು ಇನ್ನೊಂದು ಅಪಾಯ. ಮೇಲ್ಮೈಯ ಬಾಯಿ ಮುಚ್ಚಿ ತಳದ ಜಾಲರಿಯೊಂದರಿಂದಲೇ ಪಂಪು ಪೂರ್ತಿ ಎಳೆಯುವಂತಾದರೆ ಅದಕ್ಕೆ ಅಂಟಿದ ಮಗುವನ್ನು ಬಿಡಿಸಲಾಗದು. ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಬಾಲಕಿ ಹೀಗೆ ತೀರಿಕೊಂಡಳು. ಅವಳ ಹೆಸರಿನಲ್ಲೇ 2007ರಲ್ಲಿ ಅಮೆರಿಕದಲ್ಲಿ ಜಾಲರಿಗಳ ಸುರಕ್ಷತಾ ಕಾಯ್ದೆ ಬಂತು. ಮನೆಯಲ್ಲಿ ಕಟ್ಟಿದ ಸರ್ಕೀಟು ಹೊರಹರಿವಿನ ವಾಲ್ವ್‌ಗಳನ್ನು ಮಾತ್ರ ಮುಟ್ಟಬೇಕು, ಹೀರುವ ಬದಿಯದನ್ನು ಮುಟ್ಟಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಇನ್ನೂ ತೀರ್ಮಾನವಾಗದ್ದು

ಮೊದಲನೆಯದು, ವಾಲ್ವ್ ನಿಜಕ್ಕೂ ಎಲ್ಲಿದೆ ಎಂಬುದು ಸರ್ಕೀಟಿಗೆ ತಿಳಿಯುವ ಬಗೆ. ಮೂರು ತಂತಿಯ ಡಬ್ಬಿ ಆಜ್ಞೆ ಕೇಳುತ್ತದೆ, ವರದಿ ಕೊಡುವುದಿಲ್ಲ. ಅರೆತೆರೆದ ಸ್ಥಿತಿ ಬೇಕಾದವರು ಮೋಟಾರು ಓಡಿದ ಸೆಕೆಂಡುಗಳನ್ನು ಎಣಿಸಿ ಅಂದಾಜು ಮಾಡುತ್ತಾರೆ. ಹತ್ತಾರು ಸಲ ತಿರುಗಿದ ಮೇಲೆ ಅಂದಾಜು ಜಾರುತ್ತದೆ, ಮತ್ತೆ ಕೊನೆಗೆ ಓಡಿಸಿ ಲೆಕ್ಕ ಸರಿಮಾಡಬೇಕು. ಫಿಲ್ಟರಿನ ಒತ್ತಡ ಅಳೆದು ವಾಲ್ವಿನ ಜಾಗ ಊಹಿಸಬಹುದು ಎನ್ನುವವರೂ, ತಿರುಗುವ ಗುಂಡಿಯ ಮೇಲೆ ಅಯಸ್ಕಾಂತ ಅಂಟಿಸಿ ಸಂವೇದಕದಿಂದ ಓದಬೇಕು ಎನ್ನುವವರೂ ಇದ್ದಾರೆ. ಅಗ್ಗವೂ ನಂಬಿಕಸ್ಥವೂ ಆದ ಒಂದೇ ವಿಧಾನ ಇನ್ನೂ ನೆಲೆ ನಿಂತಿಲ್ಲ.

ಎರಡನೆಯದು, ಸಾಮಾನ್ಯ ಭಾಷೆ. ಮನೆ ಉಪಕರಣಗಳಿಗಾಗಿ ಹಲವು ಕಂಪನಿಗಳು ಕೂಡಿ ರೂಪಿಸಿದ ಮ್ಯಾಟರ್ ಎಂಬ ಮಾನದಂಡ 2024ರ ಮೇ ತಿಂಗಳ ಆವೃತ್ತಿಯಲ್ಲಿ ನೀರಿನ ವಾಲ್ವನ್ನು ಸೇರಿಸಿಕೊಂಡಿತು. ಅದರ ಕಣ್ಣಿನಲ್ಲಿ ವಾಲ್ವ್ ಎಂದರೆ ಒಂದೇ ದಾರಿಯನ್ನು ತೆರೆಯುವುದು, ಮುಚ್ಚುವುದು ಅಥವಾ ಅಷ್ಟಿಷ್ಟು ತೆರೆಯುವುದು. ಎರಡು ದಾರಿಗಳ ನಡುವೆ ನೀರು ಹಂಚುವ ಮೂರು ಬಾಯಿಯ ವಾಲ್ವ್ ಆ ಚೌಕಟ್ಟಿಗೆ ಸರಿಯಾಗಿ ಕೂರುವುದಿಲ್ಲ. ಕೊಳದ ದೊಡ್ಡ ಕಂಪನಿಗಳು ತಮ್ಮ ತಂತಿಯ ಭಾಷೆಯನ್ನು ಬಹಿರಂಗಪಡಿಸುತ್ತವೆಯೇ ಎಂಬುದೂ ಉತ್ತರವಿಲ್ಲದೆ ಉಳಿದಿದೆ.

ಮೂರನೆಯದು ಹೊಣೆ. ಮನೆಯಲ್ಲಿ ಕಟ್ಟಿದ ಸರ್ಕೀಟಿನಿಂದ ಹಾನಿಯಾದರೆ ವಿಮೆ ಒಪ್ಪುತ್ತದೆಯೇ, ಮನೆ ಮಾರುವಾಗ ಅದನ್ನು ಕಳಚಬೇಕೇ ಎಂಬುದಕ್ಕೆ ಊರಿಗೊಂದು ಉತ್ತರ. ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಂತೂ ಈ ಮಾತು ಇನ್ನೂ ಚರ್ಚೆಗೇ ಬಂದಿಲ್ಲ.

ಕೈ ಹಾಕಲು ಹೊರಟ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಏನನ್ನೂ ಕೊಳ್ಳುವ ಮೊದಲು ಒಂದು ಹಗಲು ಕಟ್ಟೆಯ ಮುಂದೆ ನಿಂತು, ಪಂಪು ನಿಲ್ಲಿಸಿ, ಪ್ರತಿ ವಾಲ್ವನ್ನೂ ಕೈಯಿಂದ ತಿರುಗಿಸಿ ನೋಡಿ. ಯಾವುದು ಬಿಗಿ, ಯಾವ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಪಂಪು ಓಡಿಸಿ, ಒಂದೊಂದು ಸ್ಥಿತಿಯಲ್ಲೂ ಒತ್ತಡದ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ಆಮೇಲೆ ಮೋಟಾರು ಕೂರಿಸಿ, ತಂತಿಗಳ ಚಿತ್ರವನ್ನೂ ಕೈಯಲ್ಲಿ ತಿರುಗಿಸುವ ಕ್ರಮವನ್ನೂ ಮನೆಯವರಿಗೆಲ್ಲ ಅರ್ಥವಾಗುವ ಭಾಷೆಯಲ್ಲಿ ಬರೆದು ಡಬ್ಬಿಯ ಮುಚ್ಚಳದ ಒಳಬದಿಗೆ ಅಂಟಿಸಿ.